ಮಗು ಮಲಗಿದರೂ ತಾಯಿಗೆ ನಿದ್ದೆಯಿಲ್ಲ: ಓದುಗರ ಸ್ಪಂದನ

ಸಮಸ್ಯೆ: ಮಗುವಿಗೆ ಎರಡೂವರೆ ತಿಂಗಳು. ಅದು ಮಲಗಿದ್ದರೂ ನನಗೆ ನಿದ್ದೆ ಹತ್ತುವುದಿಲ್ಲ. ಉಸಿರಾಡುತ್ತಿದೆಯೇ ಎಂದು ಎದ್ದೆದ್ದು ಮೂಗಿನ ಬಳಿ ಬೆರಳಿಡುತ್ತೇನೆ. ಮೆಟ್ಟಿಲಿಳಿಯುವಾಗ ಮಗು ಕೈಜಾರಿ ಬಿದ್ದಂತೆ ಕಣ್ಣಿಗೆ ಕಟ್ಟುತ್ತದೆ. ‘ಬಾಣಂತಿಯರಿಗೆ ಇದೆಲ್ಲ ಮಾಮೂಲಿ’ ಎನ್ನುತ್ತಾರೆ ಮನೆಯವರು. ಹೌದೇ?

ಮಾಮೂಲಿಯಲ್ಲ, ಹಾಗಂತ ಅಪರೂಪವೂ ಅಲ್ಲ. ಹೆರಿಗೆಯಾದ ಎರಡು-ಮೂರನೇ ದಿನ ಶುರುವಾಗುವ ಅಳು, ಕಿರಿಕಿರಿ ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ನಿಮ್ಮದು ಆ ಗಡುವು ದಾಟಿದೆ, ತೋರಿಸಿಕೊಳ್ಳಿ. ಕಣ್ಣಿಗೆ ಕಟ್ಟುವ ದೃಶ್ಯದಿಂದ ನೀವು ಬೆಚ್ಚಿಬೀಳುತ್ತೀರಲ್ಲ, ಅದೇ ಗುರುತು: ಅದು ಬೇಡವೆಂದರೂ ನುಗ್ಗುವ ಯೋಚನೆ, ನಿಮ್ಮ ಇಚ್ಛೆಯಲ್ಲ. ಓಡಿಸಹೋದಷ್ಟೂ ಮರಳುತ್ತದೆ. ‘ಆತಂಕ ಮಾತಾಡುತ್ತಿದೆ’ ಅಂದುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಇಳಿಯಿರಿ. ಮೆಟ್ಟಿಲನ್ನೇ ಬಿಟ್ಟರೆ ಹೆದರಿಕೆ ನಾಳೆ ಬಾಲ್ಕನಿಗೆ, ನಾಡಿದ್ದು ಸ್ನಾನದ ನೀರಿಗೆ ಹಬ್ಬುತ್ತದೆ.

ಬೆರಳಿಟ್ಟು ನೋಡಿದಾಗ ಸಿಗುವ ಸಮಾಧಾನ ಕೆಲವೇ ನಿಮಿಷದ್ದು. ‘ನಾನು ನೋಡಿದ್ದರಿಂದಲೇ ಮಗು ಚೆನ್ನಾಗಿದೆ’ ಎಂದು ಮನಸ್ಸು ನಂಬುತ್ತಾ ಹೋಗುತ್ತದೆ. ಒಮ್ಮೆಲೇ ನಿಲ್ಲಿಸಲು ಹೋಗಬೇಡಿ, ಸೋಲುತ್ತೀರಿ. ನೋಡಬೇಕೆನಿಸಿದಾಗ ಗಡಿಯಾರ ನೋಡಿ 5 ನಿಮಿಷ ತಡೆಯಿರಿ; ಅದು ರೂಢಿಯಾದ ಮೇಲೆ 10. ಆ ಹೊತ್ತಿನಲ್ಲಿ ಎಣಿಕೆ 4ರವರೆಗೆ ಉಸಿರೆಳೆದು, 6ರವರೆಗೆ ನಿಧಾನ ಬಿಡಿ. ಕೊನೆಗೆ ಹಾಲೂಡಿಸುವ ಹೊತ್ತಿಗೆ ಮಾತ್ರ ನೋಡುವುದು ಉಳಿಯಲಿ. ಮಗುವನ್ನು ಕಾಯುವುದು ಬೆರಳಲ್ಲ; ಅಂಗಾತ ಮಲಗಿಸುವುದು, ಗಟ್ಟಿ ಸಮತಟ್ಟು ಹಾಸಿಗೆ, ಹತ್ತಿರದಲ್ಲಿ ದಿಂಬು-ಗೊಂಬೆ ಇಲ್ಲದಿರುವುದು, ಬೀಡಿ-ಸಿಗರೇಟಿನ ಹೊಗೆ ಸುಳಿಯದಿರುವುದು.
— ಆಪ್ತ ಸಮಾಲೋಚಕಿ

ಮೊದಲು ರಕ್ತಪರೀಕ್ಷೆ: ಟಿಎಸ್‌ಎಚ್, ಫ್ರೀ ಟಿ4 (ಇವೆರಡೂ ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್. ಹೆರಿಗೆಯ ನಂತರದ ತಿಂಗಳುಗಳಲ್ಲಿ ಕೆಲವರಿಗೆ ಥೈರಾಯ್ಡ್ ಊತ ಬಂದು ಹಾರ್ಮೋನ್ ಏರುತ್ತದೆ. ಎದೆ ಡವಡವ, ಕೈನಡುಕ, ನಿದ್ರಾಹೀನತೆ ಎಲ್ಲ ಆತಂಕದಂತೆಯೇ ಕಾಣುತ್ತವೆ. ವೈದ್ಯರು ಬರೆಯದಿದ್ದರೆ ನೀವೇ ಕೇಳಿ.

ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆಗಳಿವೆ. 3, 4, 5ನೆಯವು ಆತಂಕಕ್ಕೆ ಸಂಬಂಧಿಸಿದವು. ಒಟ್ಟು ಅಂಕ ಕಡಿಮೆಯಿದ್ದು ಈ ಮೂರರಲ್ಲೇ ಹೆಚ್ಚಿದ್ದರೆ ಅದನ್ನು ಎತ್ತಿ ಹೇಳಿ. ಖಿನ್ನತೆ ಹುಡುಕುವ ಕಣ್ಣಿಗೆ ಅದು ತಪ್ಪಿಹೋಗಬಹುದು.

ಔಷಧಿ ಬೇಕಾದರೆ ಹಾಲೂಡಿಸುವುದನ್ನು ನಿಲ್ಲಿಸಲೇಬೇಕೆಂದಿಲ್ಲ. ಆತಂಕ, ಖಿನ್ನತೆಗೆ ಕೊಡುವ ಸರ್ಟ್ರಲೀನ್ ಹಾಲಿಗೆ ಸೇರುವುದು ಬಹಳ ಕಡಿಮೆ. ಆದರೆ ಗುಣ ಕಾಣಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ತುಸು ಹೆಚ್ಚಲೂಬಹುದು. ‘ಕೆಲಸ ಮಾಡುತ್ತಿಲ್ಲ’ ಎಂದು ಬಿಡುವವರು ಬಿಡುವುದು ಆಗಲೇ. ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಹುರುಪು, ಖಿನ್ನತೆಗಳ ನಡುವೆ ತೂಗಾಡುವುದು) ನಿಮಗಾಗಲಿ ಹತ್ತಿರದ ಸಂಬಂಧಿಗಾಗಲಿ ಇದ್ದರೆ ಮೊದಲೇ ತಿಳಿಸಿ. ನಿದ್ದೆ ಮಾತ್ರೆ ತಾವಾಗಿ ಕೊಳ್ಳುವುದು ಬೇಡವೇ ಬೇಡ.

ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಅತಿ ಹುರುಪು, ಸಾಯುವ ಯೋಚನೆ: ಇವುಗಳಲ್ಲಿ ಒಂದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿಯವರೆಗೆ ತಾಯಿಯನ್ನು ಒಂಟಿಯಾಗಿ ಬಿಡಬಾರದು.
— ವೈದ್ಯೆ

ಇದು ಮನೆಯವರಿಗೆ. ‘ಏನೂ ಆಗಲ್ಲ ಬಿಡು’ ಎಂದು ನೂರು ಸಲ ಹೇಳಿದರೆ ಅದೂ ಬೆರಳಿಟ್ಟು ನೋಡಿದ ಹಾಗೆಯೇ. ಒಂದು ಸಲ ಹೇಳಿ, ಮಗುವನ್ನು ಎತ್ತಿಕೊಳ್ಳಿ. ಆಕೆಗೆ ಬೇಕಿರುವುದು 4–5 ಗಂಟೆಯ ಅಖಂಡ ನಿದ್ದೆ, ಬೇರೆ ಕೋಣೆಯಲ್ಲಿ. ನಡುವೆ ಒಂದು ಸಲ ಹಿಂಡಿಟ್ಟ ಹಾಲು ಕುಡಿಸುವ ಕೆಲಸ ಅಪ್ಪನದು. ಹಾಲು ಸಾಲುತ್ತಿದೆಯೇ ಎಂಬ ಚಿಂತೆಗೆ ಲೆಕ್ಕವೇ ಉತ್ತರ: ದಿನಕ್ಕೆ 6 ಅಥವಾ ಹೆಚ್ಚು ಸಲ ಮೂತ್ರ, ಜೊತೆಗೆ ತೂಕ ಏರುತ್ತಿದ್ದರೆ ಸಾಕು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಕ್ಷಣ ವೈದ್ಯರಿಗೆ ತೋರಿಸಬೇಕು. ಇವನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ರಾತ್ರಿ ಮೊಬೈಲನ್ನು ಕೋಣೆಯಾಚೆ ಇಡಿ.
— ಶುಶ್ರೂಷಕಿ