ಮ್ಯಾಜಿಕ್ ಆಟ ಬಿಡದವರು ಟೂರ್ನಿಗಳನ್ನು ಮಾತ್ರ ಬಿಡುತ್ತಿರುವುದೇಕೆ?

ಪ್ರಶ್ನೆ – ಎಡಿಸನ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾನು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಕಾರ್ಡಿನಾಟವನ್ನು ಬಹುಕಾಲದಿಂದ ಆಡುತ್ತ ಬಂದಿದ್ದೇನೆ. ನಮ್ಮೂರಿನ ಅಂಗಡಿಯಲ್ಲಿ ಶುಕ್ರವಾರ ಸಂಜೆ ಕೂರಲು ಜಾಗ ಸಿಗುವುದೇ ಕಷ್ಟ. ಮೇಜಿಗೆ ನಾಲ್ವರಂತೆ ಕೂತು ಕಮಾಂಡರ್ ಎಂಬ ಗೆಳೆಯರ ಆಟದ ಮಾದರಿಯನ್ನು ಆಡುವವರು ಬಾಗಿಲು ಹಾಕುವ ಹೊತ್ತಿನವರೆಗೂ ಏಳುವುದಿಲ್ಲ. ಆದರೆ ಅದೇ ಅಂಗಡಿಯಲ್ಲಿ ವಾರಾಂತ್ಯದಲ್ಲಿ ಪ್ರಾದೇಶಿಕ ಚಾಂಪಿಯನ್‌ಷಿಪ್‌ನ ಅರ್ಹತಾ ಟೂರ್ನಿ ನಡೆದಾಗ ಬರುವವರೇ ಬೇರೆ. ಅವರಲ್ಲಿ ಹೆಚ್ಚಿನವರು ಅರ್ಹತೆಯ ಬೆನ್ನು ಹತ್ತಿ ಊರಿಂದೂರಿಗೆ ತಿರುಗುವವರು.

ನನ್ನನ್ನು ಕಾಡುತ್ತಿರುವುದು ಹಳೆಯ ಗೆಳೆಯರ ವಿಷಯ. ಎಲ್ಲೋ ಗ್ರ್ಯಾಂಡ್ ಪ್ರೀ ಎಂಬ ದೊಡ್ಡ ಮುಕ್ತ ಟೂರ್ನಿ ಇದೆಯೆಂದರೆ ಒಂದೇ ಕಾರಿನಲ್ಲಿ ತುಂಬಿಕೊಂಡು ಹೊರಟು, ಸೈಡ್‌ಬೋರ್ಡಿನ (ಒಂದು ಗೇಮಿಗೂ ಇನ್ನೊಂದಕ್ಕೂ ನಡುವೆ ಬದಲಿಸಿಕೊಳ್ಳಲು ಇಟ್ಟುಕೊಳ್ಳುವ) 15 ಕಾರ್ಡುಗಳಲ್ಲಿ ಕೊನೆಯ ಎರಡು ಯಾವುವಿರಬೇಕೆಂದು ದಾರಿಯುದ್ದಕ್ಕೂ ವಾದಿಸುತ್ತಿದ್ದವರು ಇಂದು ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಟೂರ್ನಿ ನಡೆದರೂ ಬರುವುದಿಲ್ಲ. ಅವರು ಆಟ ಬಿಟ್ಟಿಲ್ಲ, ಕಾರ್ಡು ಕೊಳ್ಳುವುದನ್ನೂ ಬಿಟ್ಟಿಲ್ಲ. ಕೇಳಿದರೆ ಸಮಯವಿಲ್ಲ ಎನ್ನುತ್ತಾರೆ. ಶುಕ್ರವಾರ ಇಡೀ ಸಂಜೆ ಆಡುವವರು ಕೊಡುವ ಈ ಉತ್ತರ ಪೂರ್ತಿಯಾದದ್ದೆಂದು ನನಗೆ ಅನ್ನಿಸುವುದಿಲ್ಲ. ಕಾರಣ ಹಣವೇ, ವಯಸ್ಸೇ, ಅಥವಾ ಟೂರ್ನಿಗಳ ವ್ಯವಸ್ಥೆಯೇ ಬದಲಾಗಿದೆಯೇ? ಹೋಗುವುದನ್ನು ನಿಲ್ಲಿಸಿದವರೂ ಟೂರ್ನಿ ನಡೆಸುವವರೂ ದಯವಿಟ್ಟು ತಿಳಿಸಬೇಕು.

ಉತ್ತರ – ಕೊಡಚಾದ್ರಿ

ಹೋಗುವುದನ್ನು ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಆದ್ದರಿಂದ ನನ್ನ ಮಟ್ಟಿಗೆ ನಿಶ್ಚಿತವಾಗಿರುವ ಕಾರಣವನ್ನೇ ಹೇಳುತ್ತೇನೆ: ಅಂಗಡಿಯ ಮೇಜಿಗೂ ದೊಡ್ಡ ವೇದಿಕೆಗೂ ನಡುವೆ ಇದ್ದ ದಾರಿ ನಮ್ಮ ಕಣ್ಣೆದುರಿಗೇ ಹಲವು ಬಾರಿ ಮುರಿಯಿತು.

1996ರಲ್ಲಿ ಪ್ರೊ ಟೂರ್ ಎಂಬ ವೃತ್ತಿಪರ ಮಟ್ಟದ ಟೂರ್ನಿ ಸರಣಿ ಆರಂಭವಾದ ಮೇಲೆ ಬಹಳ ವರ್ಷಗಳ ಕಾಲ ಆ ದಾರಿ ಸರಳವಾಗಿತ್ತು. ಹತ್ತಿರದ ನಗರದಲ್ಲಿ ನಡೆಯುವ ಒಂದು ಅರ್ಹತಾ ಟೂರ್ನಿಯನ್ನು ಗೆದ್ದವನು ನೇರವಾಗಿ ಪ್ರೊ ಟೂರ್‌ಗೆ ಹೋಗುತ್ತಿದ್ದ. 1997ರಿಂದ ನಡೆದುಬಂದ ಗ್ರ್ಯಾಂಡ್ ಪ್ರೀಗಳಲ್ಲಂತೂ ಪ್ರವೇಶ ಶುಲ್ಕ ಕೊಟ್ಟ ಯಾರು ಬೇಕಾದರೂ ವೃತ್ತಿಪರ ಆಟಗಾರನ ಎದುರು ಕೂರಬಹುದಾಗಿತ್ತು. ಗೆಲ್ಲುತ್ತೇವೆಂಬ ನಂಬಿಕೆಯಿಂದ ನಾವು ಹೋಗುತ್ತಿರಲಿಲ್ಲ. ಗೆಲುವು ಅಸಾಧ್ಯವಲ್ಲ ಎಂಬಷ್ಟೇ ಭರವಸೆ ಸಾಕಾಗಿತ್ತು. 2015ರ ಹೊತ್ತಿಗೆ ಇದು ಎರಡು ಹಂತಗಳಾಯಿತು: ಅಂಗಡಿಯಲ್ಲಿ ಗೆದ್ದರೆ ಪ್ರಾದೇಶಿಕ ಟೂರ್ನಿ, ಅಲ್ಲಿ ಮೇಲೆ ಬಂದರೆ ಪ್ರೊ ಟೂರ್. 2018ರ ಡಿಸೆಂಬರಿನಲ್ಲಿ ತಲಾ 75,000 ಡಾಲರ್ ಒಪ್ಪಂದದ 32 ಆಟಗಾರರ ಮ್ಯಾಜಿಕ್ ಪ್ರೊ ಲೀಗ್ ಘೋಷಣೆಯಾಯಿತು. ಆಟವನ್ನು ಹೊರತರುವ ಕಂಪನಿಯ ಗಮನ ಕಂಪ್ಯೂಟರಿನಲ್ಲಿ ಆಡುವ ಅರೀನಾದ ಕಡೆಗೆ ತಿರುಗಿತು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದಾಗಿ ಮೇಜಿನ ಟೂರ್ನಿಗಳೆಲ್ಲ ನಿಂತವು. 2021ರಲ್ಲಿ ಲೀಗ್ ವ್ಯವಸ್ಥೆಯನ್ನೇ ಕೊನೆಗೊಳಿಸುವುದಾಗಿ ಪ್ರಕಟಿಸಿದರು. ಈಗಿನ ಅರ್ಹತಾ ಟೂರ್ನಿಗಳು ಬಂದದ್ದು 2022ರಲ್ಲಿ. ಮೇಜಿನ ಪ್ರೊ ಟೂರ್ ಮತ್ತೆ ನಡೆದದ್ದು 2023ರ ಫೆಬ್ರುವರಿಯಲ್ಲಿ, ಫಿಲಡೆಲ್ಫಿಯಾದಲ್ಲಿ.

ದಾರಿಯನ್ನು ಮತ್ತೆ ಕಟ್ಟಿದರು, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಆ ಮೂರು ವರ್ಷಗಳಲ್ಲಿ ನಮ್ಮ ಗುಂಪಿನಲ್ಲಿ ಒಬ್ಬ ಊರು ಬದಲಿಸಿದ, ಇನ್ನೊಬ್ಬನಿಗೆ ಮಗುವಾಯಿತು, ಮತ್ತೊಬ್ಬ ತನ್ನ ಕಾರ್ಡುಗಳನ್ನೆಲ್ಲ ಮಾರಿಬಿಟ್ಟ. ಟೂರ್ನಿಗೆ ಹೋಗುವುದೆಂಬುದು ಒಬ್ಬೊಬ್ಬರು ತೆಗೆದುಕೊಳ್ಳುವ ತೀರ್ಮಾನವಲ್ಲ, ಗುಂಪಿನ ರೂಢಿ. ಗುಂಪು ಚದುರಿದ ಮೇಲೆ ಒಬ್ಬನೇ ಹೊರಟು ಅಪರಿಚಿತರ ನಡುವೆ ಹಗಲೆಲ್ಲ ಕೂರುವ ಉತ್ಸಾಹ ನನ್ನಲ್ಲಿ ಉಳಿಯಲಿಲ್ಲ.

ಇನ್ನೊಂದು ಮಾತು. ವ್ಯವಸ್ಥೆಯೇ ಜನರನ್ನು ಮನೆಯಲ್ಲಿ ಕೂರಿಸಿದ ಉದಾಹರಣೆ ಹಿಂದೆಯೂ ಇದೆ. 2011ಕ್ಕೆ ಮೊದಲು ಈ ಆಟಕ್ಕೂ ಚೆಸ್ಸಿನಂತೆ, ಗೆದ್ದರೆ ಏರುವ ಸೋತರೆ ಇಳಿಯುವ ಎಲೊ ರೇಟಿಂಗ್ ಇತ್ತು. ರೇಟಿಂಗ್ ಆಧಾರದ ಮೇಲೂ ದೊಡ್ಡ ಟೂರ್ನಿಗಳಿಗೆ ಆಹ್ವಾನ ದೊರೆಯುತ್ತಿದ್ದುದರಿಂದ, ಮೇಲಿದ್ದವರು ಅಂಕ ಕಳೆದುಕೊಳ್ಳುವ ಭಯಕ್ಕೆ ಊರಿನ ಟೂರ್ನಿಗೆ ಬರುವುದನ್ನೇ ಬಿಡುತ್ತಿದ್ದರು. ಅದನ್ನು ತಪ್ಪಿಸಲೆಂದೇ, ಆಡಿದಷ್ಟೂ ಕೂಡುತ್ತ ಹೋಗುವ ಪ್ಲೇನ್ಸ್‌ವಾಕರ್ ಪಾಯಿಂಟ್ಸ್ ಪದ್ಧತಿಯನ್ನು ತರಬೇಕಾಯಿತು.

ಉತ್ತರ – ಐವತ್ತು ನಿಮಿಷ

ಕೊಡಚಾದ್ರಿಯವರ ಚರಿತ್ರೆ ಸರಿಯಾಗಿದೆ, ಆದರೆ ನಿರ್ಣಯವನ್ನು ನಾನು ಒಪ್ಪಲಾರೆ. ಇಂಗ್ಲೆಂಡಿನಲ್ಲಿ ಟೂರ್ನಿಗಳಿಗೆ ತೀರ್ಪುಗಾರ್ತಿಯಾಗಿ ನಾನು ಕಂಡಂತೆ, ಬರುವವರಲ್ಲಿ ಹೆಚ್ಚಿನವರು ಪ್ರೊ ಟೂರ್‌ನ ಕನಸು ಹೊತ್ತು ಬಂದವರೇ ಅಲ್ಲ. ಒಂದು ದಿನ ಚೆನ್ನಾಗಿ ಆಡಬೇಕೆಂದು ಬಂದವರನ್ನು ಆ ದಿನದ ರಚನೆಯೇ ಹಿಂದಕ್ಕೆ ಕಳಿಸುತ್ತದೆ.

ಲೆಕ್ಕ ಹಾಕಿ ನೋಡೋಣ. 64 ಜನರಿರುವ ಸ್ವಿಸ್ ಪದ್ಧತಿಯ (ಸೋತರೂ ಹೊರಬೀಳದೆ, ಸಮಾನ ಅಂಕದವರೊಡನೆ ಆಡುತ್ತ ಹೋಗುವ) ಟೂರ್ನಿಯಲ್ಲಿ 6 ಸುತ್ತು, ಪ್ರತಿ ಸುತ್ತಿಗೆ 50 ನಿಮಿಷ. ಆಮೇಲೆ ಮೊದಲ ಎಂಟು ಜನರಿಗೆ ನಾಕೌಟ್. ಪಂದ್ಯಗಳು ಡ್ರಾ ಆಗುವುದಿಲ್ಲವೆಂದು ಭಾವಿಸಿದರೆ, ಆರು ಸುತ್ತಿನ ಕೊನೆಗೆ ಆರನ್ನೂ ಗೆದ್ದವನು ಒಬ್ಬ, ಒಂದು ಸೋತವರು ಆರು ಜನ, ಎರಡು ಸೋತವರು ಹದಿನೈದು ಜನ. ಅಂದರೆ ಎರಡು ಪಂದ್ಯ ಸೋತ ಹದಿನೈದು ಜನರಲ್ಲಿ ಒಬ್ಬನಿಗೆ ಮಾತ್ರ ಎಂಟರೊಳಗೆ ಜಾಗ. ಆದರೆ ಮೂರನೆಯ ಸುತ್ತು ಮುಗಿಯುವಾಗಲೇ 64ರಲ್ಲಿ 32 ಜನ ಎರಡು ಅಥವಾ ಮೂರು ಪಂದ್ಯ ಸೋತಿರುತ್ತಾರೆ! ಬೆಳಿಗ್ಗೆ ಹತ್ತಕ್ಕೆ ಶುರುವಾದ ಟೂರ್ನಿ ಮಧ್ಯಾಹ್ನದ ಊಟದ ಹೊತ್ತಿಗೆ ಬಂದವರಲ್ಲಿ ಅರ್ಧದಷ್ಟು ಜನರಿಗೆ, ಇನ್ನು ನೀವು ಆಡುವುದಕ್ಕೆ ಹೆಚ್ಚಿನ ಅರ್ಥವಿಲ್ಲ ಎಂದು ಹೇಳಿಬಿಟ್ಟಿರುತ್ತದೆ. ಇದು ಅವರ ಆಟದ ದೋಷವಲ್ಲ. ಎಷ್ಟೇ ಚೆನ್ನಾಗಿ ಆಡುವವರು ಸೇರಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಎಲ್ಲ ಬಹುಮಾನವೂ ಆಹ್ವಾನವೂ ಮೇಲಿನ ಎಂಟು ಜನರಿಗೇ ಮೀಸಲಾಗಿರುವಾಗ, ಉಳಿದ ಸುತ್ತುಗಳನ್ನು ಆಡಿ ಮುಗಿಸುವವರನ್ನು ಕಂಡರೆ ನನಗೆ ಗೌರವ ಮೂಡುತ್ತದೆ. ಆದರೆ ಹಲವರು ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಹೆಸರು ತೆಗೆಸಿ ಹೊರಟುಹೋಗುತ್ತಾರೆ.

ನಿಯಮಗಳ ಬಿಗಿಯೂ ಕಾರಣ. ಶುಕ್ರವಾರದ ಆಟದಲ್ಲಿ ತೀರ್ಪುಗಾರರ ಕೆಲಸ ಮುಖ್ಯವಾಗಿ ಕಲಿಸುವುದು. ಅರ್ಹತಾ ಟೂರ್ನಿಯಲ್ಲಿ ಡೆಕ್ಕಿನ, ಅಂದರೆ ಆಡಲು ತಂದ ಕಾರ್ಡುಗಳ ಕಟ್ಟಿನ, ಪಟ್ಟಿ ಬರೆದು ಕೊಡಬೇಕು, ಅದರಲ್ಲಿ ತಪ್ಪಿದ್ದರೆ ಪಂದ್ಯದ ಒಂದು ಗೇಮನ್ನೇ ಕಳೆದುಕೊಳ್ಳಬೇಕಾಗಬಹುದು. ನಿಮ್ಮ ಕಾರ್ಡಿನ ಟ್ರಿಗರ್ (ಒಂದು ಘಟನೆ ನಡೆದೊಡನೆ ತಾನಾಗಿ ಆಗಬೇಕಾದ ಪರಿಣಾಮ) ನಿಮಗೆ ಮರೆತುಹೋದರೆ ಅದನ್ನು ನೆನಪಿಸುವ ಹೊಣೆ ಎದುರಾಳಿಗಿಲ್ಲ. ಈ ನಿಯಮಗಳು ಬೇಕೆಂದೇ ನನ್ನ ನಿಲುವು, ಏಕೆಂದರೆ ಇವಿಲ್ಲದೆ ಅಪರಿಚಿತರ ನಡುವೆ ನ್ಯಾಯವಾಗಿ ಪಂದ್ಯ ನಡೆಸುವುದು ಸಾಧ್ಯವಿಲ್ಲ. ಆದರೆ ಶುಕ್ರವಾರದ ಮೇಜಿನಿಂದ ನೇರವಾಗಿ ಇಲ್ಲಿಗೆ ಬಂದವರು ಒಂದು ಟ್ರಿಗರ್ ಮರೆತು, ಎದುರಾಳಿ ಸುಮ್ಮನಿದ್ದುದನ್ನು ಕಂಡು, ಅದನ್ನು ಕೆಟ್ಟತನವೆಂದೇ ತಿಳಿಯುತ್ತಾರೆ. ಆ ಕಹಿ ಒಂದು ಸೋಲಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಉತ್ತರ – ಬಸವನಗುಡಿ ಡ್ರಾಫ್ಟ್

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಮೊದಲ ಪೆಟ್ಟು ಬೀಳುವುದು ಡೆಕ್ಕಿನ ಆಯುಷ್ಯಕ್ಕೆ. ಕಾರ್ಡುಗಳು ಹೊರದೇಶದಿಂದ ಬರಬೇಕು, ಸಾಗಣೆಯೂ ಸುಂಕವೂ ಸೇರುತ್ತವೆ. ಹೀಗಿರುವಾಗ ಸ್ಪರ್ಧೆಗೆಂದು ಕಟ್ಟಿದ ಡೆಕ್ ಕೆಲವೇ ತಿಂಗಳಲ್ಲಿ ಕೆಲಸಕ್ಕೆ ಬಾರದಂತಾದರೆ ಎರಡನೆಯ ಬಾರಿ ಕಟ್ಟುವ ಮನಸ್ಸಾಗುವುದಿಲ್ಲ. ಮಾಡರ್ನ್ ಎಂಬ ಮಾದರಿಯಲ್ಲಿ ಕಾರ್ಡುಗಳಿಗೆ ಅವಧಿ ಮುಗಿಯುವುದಿಲ್ಲವೆಂಬ ನಂಬಿಕೆಯಿಂದಲೇ ಅನೇಕರು ಅದರಲ್ಲಿ ಹಣ ಹಾಕಿದ್ದರು. ಆದರೆ 2019, 2021, 2024ರಲ್ಲಿ ಬಂದ ಮಾಡರ್ನ್ ಹೊರೈಜನ್ಸ್ ಎಂಬ ಹೊಸ ಕಾರ್ಡುಗಳ ಕಂತುಗಳು ಪ್ರತಿ ಬಾರಿಯೂ ಹಳೆಯ ಡೆಕ್ಕುಗಳನ್ನು ಹಿಂದಕ್ಕೆ ತಳ್ಳಿದವು. ಮೊದಲ ಕಂತಿನ ‘ಹೊಗಾಕ್’ ಮತ್ತು ಮೂರನೆಯ ಕಂತಿನ ‘ನಾಡು’ ಎಂಬ ಕಾರ್ಡುಗಳು, ಎರಡೂ ಜೂನಿನಲ್ಲಿ ಬಂದು ಟೂರ್ನಿಗಳನ್ನು ಆಳಿ, ಅದೇ ವರ್ಷದ ಆಗಸ್ಟಿನಲ್ಲಿ ನಿಷೇಧಕ್ಕೊಳಗಾದವು. ಇತ್ತೀಚಿನ ಕಾರ್ಡುಗಳನ್ನಷ್ಟೇ ಬಳಸುವ ಸ್ಟ್ಯಾಂಡರ್ಡ್ ಮಾದರಿಯಲ್ಲಿ ಕಾರ್ಡುಗಳ ಅವಧಿಯನ್ನು 2023ರಲ್ಲಿ ಎರಡು ವರ್ಷದಿಂದ ಮೂರಕ್ಕೆ ಏರಿಸಿದ್ದು ಒಳ್ಳೆಯ ಹೆಜ್ಜೆ. ಆದರೆ 2025ರಲ್ಲಿ ಅದೇ ಸ್ಟ್ಯಾಂಡರ್ಡ್‌ಗೆ ಹೊಸ ಕಾರ್ಡುಗಳ ಆರು ಸೆಟ್‌ಗಳು ಬಂದವು. ಕೆಲಸ, ಸಂಸಾರ ಇರುವವರು ಅಷ್ಟನ್ನು ಓದಿ ಅರಗಿಸಿಕೊಳ್ಳುವುದು ಹೇಗೆ? ಎಡಿಸನ್ ಕನ್ನಡಿಗರೇ, ನಿಮ್ಮ ಗೆಳೆಯರು ಸಮಯವಿಲ್ಲ ಎನ್ನುವುದು ಬಹುಶಃ ಈ ಅಭ್ಯಾಸದ ಸಮಯವನ್ನೇ, ಟೂರ್ನಿಯ ದಿನವನ್ನಲ್ಲ. ಕಮಾಂಡರಿನ 100 ಕಾರ್ಡುಗಳ ಡೆಕ್ಕನ್ನು ವರ್ಷದ ಮೇಲೆ ಹೊರತೆಗೆದರೂ ಆಡಬಹುದು.

ಚೆಸ್ ಟೂರ್ನಿಗಳನ್ನು ಗಮನಿಸಿದವರಿಗೆ ಇಲ್ಲಿ ಒಂದು ವಿಷಯ ಹೊಳೆದೀತು. ನಮ್ಮ ಓಪನ್ ಚೆಸ್ ಟೂರ್ನಿಗಳೂ ಸ್ವಿಸ್ ಪದ್ಧತಿಯವೇ, ಆದರೆ ಅಲ್ಲಿ ವಯಸ್ಸಿಗೂ ರೇಟಿಂಗ್ ಶ್ರೇಣಿಗೂ ಪ್ರತ್ಯೇಕ ಬಹುಮಾನಗಳಿರುತ್ತವೆ. ಆದ್ದರಿಂದ ಹಿಂದಿನ ಬೋರ್ಡಿನಲ್ಲಿ ಕೂತವನಿಗೂ ಕೊನೆಯ ಸುತ್ತಿನವರೆಗೆ ಆಡಲು ಕಾರಣವಿರುತ್ತದೆ. ನಮ್ಮ ಕಾರ್ಡಿನಾಟದಲ್ಲಿ ಅಂಥ ಏರ್ಪಾಡನ್ನು ನಾನು ಕಂಡಿಲ್ಲ. ನಮ್ಮದು ಚಿಕ್ಕ ಗುಂಪಾದ್ದರಿಂದ ಇಬ್ಬರು ಮೂವರು ಬೇಸತ್ತು ಬಿಟ್ಟರೂ ಡ್ರಾಫ್ಟಿಗೆ (ಅಲ್ಲೇ ಹೊಸ ಪೊಟ್ಟಣ ತೆರೆದು, ಸರದಿಯಂತೆ ಕಾರ್ಡು ಆರಿಸಿ ಡೆಕ್ ಕಟ್ಟುವ ಆಟಕ್ಕೆ) ಬೇಕಾದ ಎಂಟು ಜನ ಸೇರುವುದಿಲ್ಲ, ಬರಬೇಕೆಂದಿದ್ದವರಿಗೂ ಆಟವಿಲ್ಲ.

ಮರುಪ್ರಶ್ನೆ – ಎಡಿಸನ್ ಕನ್ನಡಿಗ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಆ 32 ಜನರ ಲೆಕ್ಕವನ್ನು ನಮ್ಮ ಅಂಗಡಿಯ ಮಾಲೀಕರಿಗೆ ತೋರಿಸುತ್ತೇನೆ. ತೀರ್ಪುಗಾರ್ತಿಯವರಲ್ಲಿ ಒಂದು ವಿನಂತಿ: ಅರ್ಹತಾ ಟೂರ್ನಿಯ ಮೂರನೆಯ ಸುತ್ತಿನ ಬಳಿಕ ಹೊರಬಂದವರಿಗಾಗಿ ಅದೇ ಮಧ್ಯಾಹ್ನ ಬೇರೊಂದು ಚಿಕ್ಕ ಟೂರ್ನಿ ನಡೆಸುವುದು ಕಾರ್ಯಸಾಧ್ಯವೇ?

ಉತ್ತರ – ಐವತ್ತು ನಿಮಿಷ

ಖಂಡಿತ ಸಾಧ್ಯ. ಅದನ್ನು ಪ್ರತ್ಯೇಕ ಟೂರ್ನಿಯಾಗಿ ನೋಂದಾಯಿಸಿ, ಮೂರೇ ಸುತ್ತು ಇಟ್ಟು, ಗೆದ್ದ ಪ್ರತಿ ಪಂದ್ಯಕ್ಕೂ ಇಂತಿಷ್ಟು ಎಂದು ಬಹುಮಾನ ಕೊಡಿ. ದೊಡ್ಡ ಸಮಾವೇಶಗಳ ಉಪಟೂರ್ನಿಗಳಲ್ಲಿ ಹೀಗೆ ಗೆಲುವಿನ ಲೆಕ್ಕದಲ್ಲಿ ಕೊಡುವ ಪದ್ಧತಿ ಇದೆ. ಡ್ರಾಫ್ಟ್ ಇಟ್ಟರೆ ಯಾರೂ ಎರಡನೆಯ ಡೆಕ್ ತರಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಇದನ್ನು ಮುಂಚಿತವಾಗಿಯೇ ಪ್ರಕಟಿಸಬೇಕು. ಸೋತು ಚೀಲ ಹೆಗಲಿಗೇರಿಸಿದ ಮೇಲೆ ಹೇಳಿದರೆ ಯಾರೂ ನಿಲ್ಲುವುದಿಲ್ಲ.