ದಾಲ್ ಮಿಲ್ ಶೆಡ್ಡಿನ ಮೆಟಲ್ ಹ್ಯಾಲೈಡ್ ತೆಗೆದು ಎಲ್ಇಡಿ ಹಾಕಿಸುವುದು ಲಾಭವೇ?

ಪ್ರಶ್ನೆ (ಮಿಲ್ ಮಾಲೀಕ, ಕಲಬುರಗಿ)

ನಮ್ಮದು ತೊಗರಿ ಬೇಳೆ ಮಾಡುವ ದಾಲ್ ಮಿಲ್. ಎತ್ತರದ ತಗಡಿನ ಶೆಡ್ಡಿನಲ್ಲಿ 400 ವ್ಯಾಟಿನ 12 ಮೆಟಲ್ ಹ್ಯಾಲೈಡ್ ದೀಪಗಳಿವೆ. ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಅವು ಮತ್ತೆ ಹತ್ತಿಕೊಳ್ಳಲು ಹತ್ತು ನಿಮಿಷದಷ್ಟು ಬೇಕಾಗುತ್ತದೆ. ಅಲ್ಲಿಯವರೆಗೆ ಹಮಾಲರು ಕತ್ತಲಲ್ಲಿ ಕೈಕಟ್ಟಿ ನಿಲ್ಲಬೇಕು. ಎಲ್ಇಡಿಗೆ ಹೋಗೋಣವೆಂದರೆ, ಹಿಂದೆ ಗೋದಾಮಿಗೆ ಹಾಕಿಸಿದ್ದ ಅಗ್ಗದ ಎಲ್ಇಡಿಗಳು ಒಂದೇ ಬೇಸಿಗೆಯಲ್ಲಿ ಮಿಣುಕತೊಡಗಿದವು, ಮಾರಿದವರು ವಾರಂಟಿಯ ಮಾತೆತ್ತಿದರೆ ಫೋನೇ ಎತ್ತುವುದಿಲ್ಲ. ಹಾಕುವ ಬಂಡವಾಳ ನಿಜವಾಗಿಯೂ ಮರಳುತ್ತದೆಯೇ, ಕೊಳ್ಳುವಾಗ ಏನನ್ನು ನೋಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ವಿದ್ಯುತ್ ಗುತ್ತಿಗೆದಾರ, ಕಲಬುರಗಿ)

ಲೆಕ್ಕವನ್ನು ಕಾಗದದ ಮೇಲೆಯೇ ಹಾಕೋಣ. 400 ವ್ಯಾಟಿನ ದೀಪ ಚೋಕ್ ಸೇರಿ ಸುಮಾರು 430 ವ್ಯಾಟ್ ಎಳೆಯುತ್ತದೆ. ಅದರ ಜಾಗಕ್ಕೆ 150 ವ್ಯಾಟಿನ ಎಲ್ಇಡಿ ಹೈಬೇ (ಎತ್ತರದ ಛಾವಣಿಗೆ ಹಾಕುವ ದೀಪ) ಬಂದರೆ ದೀಪವೊಂದಕ್ಕೆ 280 ವ್ಯಾಟ್, ಹನ್ನೆರಡಕ್ಕೆ 3.36 ಕಿಲೋವ್ಯಾಟ್ ಉಳಿತಾಯ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಮಿಲ್ ನಡೆದರೆ 10,080 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 80,640 ರೂಪಾಯಿ ಆಗುತ್ತದೆ. ನಿಮ್ಮ ಜೆಸ್ಕಾಂ ಬಿಲ್ಲಿನಲ್ಲಿರುವ ದರವನ್ನು ಹಾಕಿ ಗುಣಿಸಿಕೊಳ್ಳಿ. ದೀಪಕ್ಕೆ 6,000 ರೂಪಾಯಿ ಬಿದ್ದರೂ ಒಟ್ಟು ಖರ್ಚು 72,000; ಅಂದರೆ ಈ ಲೆಕ್ಕದಲ್ಲಿ ಬಂಡವಾಳ ಒಂದು ವರ್ಷದೊಳಗೇ ಮರಳುತ್ತದೆ.

ಹೊಸ ಮೆಟಲ್ ಹ್ಯಾಲೈಡ್ ದೀಪದ ಬೆಳಕು ಲೂಮೆನ್ (ಬೆಳಕಿನ ಪ್ರಮಾಣದ ಅಳತೆ) ಲೆಕ್ಕದಲ್ಲಿ ಹೆಚ್ಚೆಂಬುದು ನಿಜ. ಆದರೆ ಅದು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಅದರಲ್ಲಿ ಒಂದಷ್ಟನ್ನು ಧೂಳು ಹಿಡಿದ ರಿಫ್ಲೆಕ್ಟರ್ ನುಂಗುತ್ತದೆ, ದೀಪ ಹಳತಾದಂತೆ ಬೆಳಕೂ ಕುಗ್ಗುತ್ತದೆ. ವ್ಯಾಟಿಗೆ 130 ಲೂಮೆನ್ ಕೊಡುವ ಎಲ್ಇಡಿ ತನ್ನ ಬೆಳಕನ್ನು ನೇರವಾಗಿ ನೆಲಕ್ಕೇ ಇಳಿಸುತ್ತದೆ. ಕರೆಂಟ್ ಬಂದ ಕೂಡಲೇ ಹತ್ತಿಕೊಳ್ಳುವುದರಿಂದ ಹಮಾಲರ ಸಮಸ್ಯೆಯೂ ತೀರುತ್ತದೆ.

ಉತ್ತರ 2 (ದೀಪ ದುರಸ್ತಿ ಮಾಡುವವರು, ಯಾದಗಿರಿ)

ಲೆಕ್ಕ ಸರಿಯಾಗಿದೆ, ಆದರೆ ಈ ಉಳಿತಾಯ ಕೈಗೆ ಸಿಗುವುದು ದೀಪ ಬಾಳಿದರೆ ಮಾತ್ರ. ನನ್ನ ಮೇಜಿಗೆ ಬರುವ ಎಲ್ಇಡಿಗಳಲ್ಲಿ ಚಿಪ್ ಸುಟ್ಟವು ಕಡಿಮೆ, ಡ್ರೈವರ್ (ಚಿಪ್‌ಗೆ ಬೇಕಾದಂತೆ ಕರೆಂಟ್ ಹೊಂದಿಸಿ ಕೊಡುವ ಭಾಗ) ಕೆಟ್ಟವೇ ಹೆಚ್ಚು. ಬಿಚ್ಚಿ ನೋಡಿದರೆ ಒಳಗಿನ ಕೆಪಾಸಿಟರ್‌ನ ತಲೆ ಉಬ್ಬಿಕೊಂಡು, ಸುತ್ತಲಿನ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇಂತಹ ಕೆಪಾಸಿಟರ್‌ನ ಆಯುಸ್ಸು ಪ್ರತಿ 10 ಡಿಗ್ರಿ ಉಷ್ಣಾಂಶ ಏರಿದಂತೆ ಸುಮಾರು ಅರ್ಧಕ್ಕಿಳಿಯುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವಾಗ, ತಗಡಿನ ಕೆಳಗೆ ಎಷ್ಟಿರಬಹುದೆಂದು ನೀವೇ ಊಹಿಸಿ.

ಆದ್ದರಿಂದ ಡಬ್ಬಿಯ ಮೇಲಿನ 50,000 ಗಂಟೆಯನ್ನು ನಂಬುವ ಮೊದಲು, ಎಷ್ಟು ಡಿಗ್ರಿ ಸುತ್ತಲಿನ ಉಷ್ಣಾಂಶಕ್ಕೆ ಆ ಮಾತು ಅನ್ವಯಿಸುತ್ತದೆಂದು ಕೇಳಿರಿ; 50 ಡಿಗ್ರಿಗೆ ಒಪ್ಪಿದ ದೀಪವನ್ನೇ ಕೊಳ್ಳಿರಿ. ದೀಪವನ್ನು ತಗಡಿಗೆ ಅಂಟಿಸದೆ ಸರಪಳಿಯಲ್ಲಿ ಎರಡಡಿಯಾದರೂ ಕೆಳಗೆ ಇಳಿಬಿಡಬೇಕು. ಧೂಳು ಒಳಸೇರದಂತೆ ಐಪಿ 65 ದರ್ಜೆ, ಸಿಡಿಲಿನ ಕಾಲಕ್ಕೆ ಕನಿಷ್ಠ 4 ಕೆವಿ (ಕಿಲೋವೋಲ್ಟ್) ಸರ್ಜ್ ರಕ್ಷಣೆ, ಅಂದರೆ ವೋಲ್ಟೇಜ್ ಒಮ್ಮೆಲೇ ಏರಿದರೆ ತಡೆಯುವ ವ್ಯವಸ್ಥೆ, ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಗುರುತು, ಇಷ್ಟಿರಲಿ. ಚುನ್ನಿಯ (ಬೇಳೆಯ ಹೊಟ್ಟು, ನುಚ್ಚಿನ) ಧೂಳು ದೀಪದ ಬಿಸಿಯನ್ನು ಹೊರಹಾಕುವ ಹೀಟ್ ಸಿಂಕಿನ ಸಂದುಗಳಲ್ಲಿ ಕಂಬಳಿಯಂತೆ ಕೂರುವುದರಿಂದ, ಮಿಲ್ ನಿಂತಾಗ ಕರೆಂಟ್ ತೆಗೆದು ಸ್ವಚ್ಛಗೊಳಿಸುತ್ತಿರಬೇಕು.

ಉತ್ತರ 3 (ಬೇಳೆ ವ್ಯಾಪಾರಿ, ಬೀದರ್)

ಹನ್ನೆರಡಕ್ಕೆ ಹನ್ನೆರಡು ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಚೀಲ ಒಟ್ಟುವ ಕಡೆ ನಡೆದಾಡಲು ಸಾಕಾಗುವಷ್ಟು ಬೆಳಕಿದ್ದರೆ ಆಯಿತು. ಬೆಳಕು ಬೇಕಾದದ್ದು ಹೆಣ್ಣುಮಕ್ಕಳು ಕುಳಿತು ಬೇಳೆ ಆರಿಸುವ ಮೇಜಿನ ಮೇಲೆ. ಅಲ್ಲಿಗೆ ಬಣ್ಣವನ್ನು ನಿಜವಾಗಿ ತೋರುವ ಗುಣಾಂಕ, ಅಂದರೆ ಸಿಆರ್‌ಐ, 90 ಇರುವ ದೀಪಗಳನ್ನು ತಗ್ಗಿನಲ್ಲಿ ಕಟ್ಟಿಸಿರಿ. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ನೀಲಿ ಛಾಯೆಯ ಬೆಳಕಿನಲ್ಲಿ ಹಳದಿ ಬೇಳೆ ಮಂಕಾಗಿ ಕಾಣುತ್ತದೆ. 4000ರಿಂದ 5000 ನನ್ನ ಕಣ್ಣಿಗೆ ಹಿಡಿಸಿದೆ. ಛಾವಣಿಯಲ್ಲಿ ಅಲ್ಲಲ್ಲಿ ಬೆಳಕು ತೂರುವ ಶೀಟ್ ಕೂರಿಸಿ, ದೀಪಗಳ ಸಾಲುಗಳಿಗೆ ಬೇರೆ ಬೇರೆ ಸ್ವಿಚ್ ಕೊಟ್ಟರೆ ಹಗಲಲ್ಲಿ ಅರ್ಧ ದೀಪಗಳನ್ನು ಆರಿಸಿಬಿಡಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೊದಲು ಆರಿಸುವ ಮೇಜು ಮತ್ತು ಒಂದು ಸಾಲನ್ನು ಬದಲಿಸಿ, ಮುಂದಿನ ಬೇಸಿಗೆ ಕಳೆದ ಮೇಲೆ ಉಳಿದದ್ದನ್ನು ನೋಡುತ್ತೇವೆ. ಲೋಡ್ ಇಳಿದರೆ ಬಿಲ್ಲಿನ ನಿಗದಿತ ಶುಲ್ಕವೂ ಇಳಿಯುತ್ತದೆಯೇ?

ಉತ್ತರ 1 (ಮತ್ತೆ)

ತಾನಾಗಿ ಇಳಿಯುವುದಿಲ್ಲ. ಆ ಶುಲ್ಕ ಮಂಜೂರಾದ ಲೋಡಿನ ಮೇಲೆ ನಿಂತಿರುವುದರಿಂದ ಲೋಡ್ ಕಡಿಮೆ ಮಾಡಿಸಲು ಪ್ರತ್ಯೇಕ ಅರ್ಜಿ ಕೊಡಬೇಕು. ಆದರೆ ಹೊಸ ಮೋಟಾರ್ ಕೂರಿಸುವ ಯೋಚನೆ ಇದ್ದರೆ ಅರ್ಜಿ ಬೇಡ. 12 ದೀಪಗಳೂ ಬದಲಾದಾಗ ಉಳಿಯುವ 3.36 ಕಿಲೋವ್ಯಾಟ್, ಅಂದರೆ ಸುಮಾರು ನಾಲ್ಕೂವರೆ ಎಚ್‌ಪಿಯನ್ನು ಅದಕ್ಕೇ ಇಟ್ಟುಕೊಳ್ಳಿ.