ಜೂಡೋ ಜೊತೆ ಬಿಜೆಜೆ ಶುರು ಮಾಡಿದ್ದೇನೆ, ನೆಲದ ಮೇಲೆ ಮೊದಲು ಏನು ಕಲಿಯಲಿ?

ಬಿಳಿಬೆಲ್ಟು:
ಜೂಡೋ ಮಾಡುತ್ತಿದ್ದೆ, ಈಗ ಬ್ರೆಜಿಲಿಯನ್ ಜಿಯು-ಜಿತ್ಸು (ಬಿಜೆಜೆ) ಕ್ಲಾಸಿಗೂ ಸೇರಿದ್ದೇನೆ. ನಿಂತು ಎಸೆಯುವುದು ಪರವಾಗಿಲ್ಲ, ನೆಲಕ್ಕೆ ಬಿದ್ದ ಮೇಲೆ ಕಥೆ ಮುಗೀತು. ಯಾರಾದರೂ ಸೈಡ್ ಕಂಟ್ರೋಲ್ ಹಿಡಿದರೆ, ಅಂದರೆ ಪಕ್ಕದಿಂದ ಎದೆ ಮೇಲೆ ಅಡ್ಡ ಒರಗಿ ಒತ್ತಿದರೆ, ಎರಡೂ ಕೈ ಚಾಚಿ ಎದೆಗೆ ಒತ್ತಿ ತಳ್ಳುತ್ತೇನೆ, ಅದೇ ಕೈಗೆ ಮೊಣಕೈ ಉಲ್ಟಾ ಬಾಗಿಸುವ ಆರ್ಮ್‌ಬಾರ್ ಹಾಕುತ್ತಾರೆ. ಬೋರಲು ತಿರುಗಿ ಮುದುಡಿಕೊಂಡರೆ ಬೆನ್ನೇರಿ ಕತ್ತು ಹಿಡಿಯುತ್ತಾರೆ. ವಿಡಿಯೊ ನೋಡೋಣ ಅಂದರೆ ದಿನಕ್ಕೊಂದು ಹೊಸ ಗಾರ್ಡ್ (ಕೆಳಗಿದ್ದು ಕಾಲಿನಿಂದ ಎದುರಾಳಿಯನ್ನು ತಡೆಯುವ ಭಂಗಿ) ಬರುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ. ಎಲ್ಲಿಂದ ಶುರು ಮಾಡಲಿ? ಎರಡನ್ನೂ ಒಟ್ಟಿಗೆ ಕಲಿತರೆ ಗೊಂದಲ ಆಗಲ್ವಾ?

ಹಳೇ_ಜೂಡೋಕ:
ಬೋರಲು ತಿರುಗುವ ಅಭ್ಯಾಸ ಜೂಡೋ ನಿಯಮದಿಂದಲೇ ಬಂದಿದ್ದು. ಅಲ್ಲಿ 20 ಸೆಕೆಂಡ್ ಅಂಗಾತ ಒತ್ತಿ ಹಿಡಿದರೆ ಇಪ್ಪೋನ್, ಪಂದ್ಯ ಅಲ್ಲಿಗೇ ಮುಗಿಯಿತು. 10 ಸೆಕೆಂಡಿಗೇ ವಜಾ-ಅರಿ, ಅಂದರೆ ಅರ್ಧ ಗೆಲುವಿನ ಅಂಕ. ಹಾಗಾಗಿ ಬೆನ್ನು ನೆಲಕ್ಕೆ ತಾಗದಿದ್ದರೆ ಸಾಕು, ಸ್ವಲ್ಪ ಹೊತ್ತು ಮುದುಡಿಕೊಂಡಿದ್ದರೆ ರೆಫರಿ "ಮತ್ತೆ" (ಜಪಾನಿಯಲ್ಲಿ "ನಿಲ್ಲಿ") ಎಂದು ನಿಲ್ಲಿಸಿ ಎಬ್ಬಿಸುತ್ತಾರೆ. ಬಿಜೆಜೆಯಲ್ಲಿ ಹಾಗೆ ಕಾಪಾಡುವವರು ಯಾರೂ ಇಲ್ಲ. ಬೆನ್ನೇರಿ ಎರಡೂ ಕಾಲು ಕೊಂಡಿ ಹಾಕಿದರೆ ಅವರಿಗೆ 4 ಪಾಯಿಂಟ್, ಮೇಲಿಂದ ಕತ್ತು ಬೇರೆ. ಇಲ್ಲಿ ಎದುರಾಳಿಯ ಕಡೆಗೇ ತಿರುಗುವುದನ್ನು ರೂಢಿಸಿಕೊಳ್ಳಿ.

ಗಾರ್ಡ್_ಗಿರಾಕಿ:
ಮೇಲಿನವರು ಹೇಳಿದ್ದು ಸರಿ. ನನ್ನ ಪ್ರಕಾರ ಸದ್ಯಕ್ಕೆ ಎದುರಾಳಿಯನ್ನು ಶರಣಾಗಿಸುವ ಸಬ್‌ಮಿಷನ್ ಮರೆತುಬಿಡಿ, ಹೊಸ ಗಾರ್ಡೂ ಬೇಡ. ಸೈಡ್ ಕಂಟ್ರೋಲ್ ಮತ್ತು ಮೌಂಟ್ (ಮೈಮೇಲೆ ಕಾಲು ಚಾಚಿ ಕೂತು ಹಿಡಿಯುವುದು) ಕೆಳಗಿಂದ ಹೊರಬರುವುದನ್ನೇ ಹಿಡಿದುಕೊಳ್ಳಿ.

ಕೈ ಚಾಚಿ ತಳ್ಳುವುದು ಮೊದಲು ನಿಲ್ಲಬೇಕು. ಒಂದು ಮುಂಗೈಯನ್ನು ಅವರ ಕತ್ತಿಗೆ ಅಡ್ಡ ಇಡಿ, ಇನ್ನೊಂದನ್ನು ಸೊಂಟದ ಮೂಳೆಗೆ. ಮೊಣಕೈ ಮಡಚಿಯೇ ಇರಲಿ, ಪಕ್ಕೆಲುಬಿನಿಂದ ದೂರ ಹೋಗಬಾರದು. ಬಾಗಿಲಿಗೆ ಅಗುಳಿ ಹಾಕಿದ ಹಾಗೆ, ಭಾರ ಮೂಳೆ ಮೇಲೆ ಬೀಳಬೇಕು, ತೋಳಿನ ಬಲ ಜಾಸ್ತಿ ಖರ್ಚಾಗಬಾರದು. ಆಮೇಲೆ ಸೊಂಟ ಎತ್ತಿ ಒಂದು ಸಲ ಜೋರಾಗಿ ಬ್ರಿಡ್ಜ್ ಮಾಡಿ. ಅವರು ಸಮತೋಲ ಸರಿಮಾಡಿಕೊಳ್ಳುವ ಆ ಕ್ಷಣದಲ್ಲೇ ನಿಮ್ಮ ಸೊಂಟವನ್ನು ಹಿಂದಕ್ಕೆ ಜಾರಿಸಿ, ಅಂದರೆ ಶ್ರಿಂಪ್. ಸಿಕ್ಕ ಸಂದಿಯಲ್ಲಿ ಹತ್ತಿರದ ಮೊಣಕಾಲು ತೂರಿಸಿ. ಮೊಣಕಾಲು ಒಳಗೆ ಬಂತು ಅಂದರೆ ಅರ್ಧ ಗೆದ್ದ ಹಾಗೆ, ಗಾರ್ಡ್ ತಾನಾಗಿ ಕೂಡುತ್ತದೆ. ಬ್ರಿಡ್ಜ್ ಇಲ್ಲದೆ ಬರೀ ಶ್ರಿಂಪ್ ಮಾಡಿದರೆ ಅವರೂ ನಿಮ್ಮ ಜೊತೆಗೇ ಜಾರಿಕೊಂಡು ಬರುತ್ತಾರೆ. ವಾರ್ಮ್‌ಅಪ್‌ನಲ್ಲಿ ಎಷ್ಟೇ ಶ್ರಿಂಪ್ ಮಾಡಿದ್ದರೂ ಪಾರ್ಟ್ನರ್ ಜೊತೆ ನಿಜವಾಗಿ ಸೆಣಸುವ ರೋಲಿಂಗ್‌ನಲ್ಲಿ ಕೆಲಸ ಮಾಡದಿರುವುದು ಹೆಚ್ಚಾಗಿ ಇದಕ್ಕೇ.

ರೋಲಿಂಗ್ ಮೊದಲು ಪಾರ್ಟ್ನರ್‌ಗೆ ಹೇಳಿ, ನೇರ ಸೈಡ್ ಕಂಟ್ರೋಲಿನಿಂದ ಶುರು ಮಾಡಿ. ಹೊರಬಂದರೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ. ಸುಮ್ನೆ ಐದು ನಿಮಿಷ ಒದ್ದಾಡುವುದಕ್ಕಿಂತ ಇದರಿಂದ ಬೇಗ ಹತ್ತುತ್ತದೆ.

ನೆಲದ_ಮನುಷ್ಯ:
ಗೊಂದಲದ ಬಗ್ಗೆ ಯಾರೂ ಹೇಳಲಿಲ್ಲ. ಮೂಲ ಒಂದೇ ಅಲ್ವಾ? ಜಪಾನಿನ ಜೂಡೋ ಪಟು ಮಿತ್ಸುಯೊ ಮಾಯೆದಾ ಬ್ರೆಜಿಲ್‌ಗೆ ಹೋಗಿ ಬಿಜೆಜೆ ಬೆಳೆಸಿದ ಗ್ರೇಸಿ ಮನೆಯವರಿಗೆ ಕಲಿಸಿದ್ದು ಕೊಡೋಕಾನ್ ವಿದ್ಯೆಯನ್ನೇ, ಅಂದರೆ ಜೂಡೋವನ್ನೇ. ಜೂಡೋದ ಕೈ ಲಾಕ್ ಜೂಜಿ-ಗತಾಮೆ ಗೊತ್ತಿದ್ದರೆ ಆರ್ಮ್‌ಬಾರ್ ಹೊಸದಾಗಿ ಕಲಿಯಬೇಕಾಗಿಲ್ಲ. 1951ರಲ್ಲಿ ಜೂಡೋ ಪಟು ಮಸಾಹಿಕೊ ಕಿಮುರಾ ರಿಯೋದಲ್ಲಿ ಹೆಲಿಯೊ ಗ್ರೇಸಿಯ ಕೈ ಮುರಿದದ್ದು ಜೂಡೋದ ಕೈ ತಿರುಚುವ ಲಾಕ್ ಆದ ಉದೆ-ಗರಾಮಿಯಿಂದಲೇ.

ನಿಮ್ಮ ಜೂಡೋ ಒತ್ತು ಬಿಡಬೇಡಿ, ಬಿಜೆಜೆಯವರಿಗೆ ಅದು ನಿಜಕ್ಕೂ ಭಾರ ಅನಿಸುತ್ತದೆ. ಕೆಸಾ-ಗತಾಮೆಯಲ್ಲಿ (ಪಕ್ಕದಲ್ಲಿ ಕೂತು ತಲೆ, ಕೈ ಹಿಡಿದು ಒತ್ತುವ ಪಟ್ಟಿನಲ್ಲಿ) ಮಾತ್ರ ಹುಷಾರು. ಬರೀ ತಲೆ ತಬ್ಬಿ ಹಿಡಿದು, ಅವರ ಕೈ ನಿಮ್ಮ ಕಂಕುಳಿನಿಂದ ಜಾರಿತು ಅಂದರೆ ಬೆನ್ನು ಸಿಕ್ಕಿತು ಅಂತಲೇ ಲೆಕ್ಕ. ಇನ್ನೊಂದು ವಿಷಯ, ಕಾಲಿನ ಲಾಕ್‌ಗಳನ್ನು ಜೂಡೋ ಪಂದ್ಯಕ್ಕೆ ತರಬೇಡಿ, ಅಲ್ಲಿ ಮೊಣಕೈ ಕೀಲಿಗೆ ಮಾತ್ರ ಅವಕಾಶ.

ಬಿಳಿಬೆಲ್ಟು:
ಕತ್ತು ಹಿಡಿದಾಗ ಎಷ್ಟು ಹೊತ್ತು ತಡೆದುಕೊಳ್ಳಬಹುದು? ಟ್ಯಾಪ್ ಮಾಡಲು, ಅಂದರೆ ತಟ್ಟಿ ಸೋಲೊಪ್ಪಲು, ಒಂಥರಾ ಸಂಕೋಚ.

ಹಳೇ_ಜೂಡೋಕ:
ತಡೆದುಕೊಳ್ಳುವ ಮಾತೇ ಇಲ್ಲ. ಕತ್ತಿನ ಎರಡೂ ಪಕ್ಕದ ರಕ್ತನಾಳ ಸರಿಯಾಗಿ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ನೋವೂ ಅಷ್ಟಾಗಿ ಆಗುವುದಿಲ್ಲ, ಅದಕ್ಕೇ ಮೋಸ ಹೋಗುತ್ತಾರೆ. ಗದ್ದ ಇಳಿಸಿ, ಎರಡೂ ಕೈಯಿಂದ ಅವರ ಕತ್ತು ಸುತ್ತಿದ ಕೈಯನ್ನು ಕೆಳಗೆ ಎಳೆಯಿರಿ. ಆದರೂ ಬಿಗಿಯಾಯಿತೋ, ಟ್ಯಾಪ್. ಕೈ ಸಿಕ್ಕಿಹಾಕಿಕೊಂಡಿದ್ದರೆ ಬಾಯಲ್ಲಿ ಹೇಳಿ, ಇಲ್ಲವೇ ಕಾಲಿನಿಂದ ನೆಲ ಬಡಿಯಿರಿ.